ಅಪ್ಪನ ಜೊತೆ ಒಂದು ಸ್ಮಾಲ್: ಕೆಲವು ಶಾಸ್ತ್ರೀಯ ಟಿಪ್ಪಣಿಗಳು

ವಯಸ್ಸಿಗೆ ಬಂದ ಮಗ ಅಪ್ಪನ ಎದುರು ಕೂತು ಒಂದು ಪೆಗ್ ಹಾಕಿದರೆ ಇಬ್ಬರ ಸಂಬಂಧ ಗಟ್ಟಿಯಾಗುತ್ತದೆ ಎಂಬುದು ಈಗ ವಿವಾದವಿಲ್ಲದ ಸಂಗತಿ. ವಿವಾದ ಉಳಿದಿರುವುದು ಸೋಡಾ ತರಲು ಯಾರು ಏಳಬೇಕು ಎಂಬ ಒಂದು ವಿಷಯದಲ್ಲಿ ಮಾತ್ರ. ಇಷ್ಟು ಮಹತ್ವದ ಕ್ಷೇತ್ರದಲ್ಲಿ ಕನ್ನಡದಲ್ಲಿ ಶಾಸ್ತ್ರೀಯ ಬರಹವೇ ಇಲ್ಲವಲ್ಲ ಎಂದು ನೊಂದು, ಬೆಂಗಳೂರು ದಂಡಿನ ರಿಚರ್ಡ್ಸ್ ಟೌನನ್ನು ಅಧ್ಯಯನಕ್ಕೆ ಆರಿಸಿಕೊಂಡು, ಅಲ್ಲಿನ ಪಾರ್ಕಿನ ಬೆಂಚುಗಳ ಮೇಲೆ ಕೂತು, ಕರೆದವರ ಮನೆ ಜಗಲಿಗಳಿಗೂ ಹೋಗಿ, ನಾನು ತಲುಪಿದ ನಿರ್ಣಯಗಳನ್ನು ಇಲ್ಲಿ ಕೊಟ್ಟಿದ್ದೇನೆ.

ನಾನು ಕುಡಿಯುವವನಲ್ಲ. ಇದನ್ನು ಅನರ್ಹತೆ ಎಂದು ಎಣಿಸುವವರು ಜಿ.ಪಿ. ರಾಜರತ್ನಂ ಅವರನ್ನು ನೆನೆಯಬೇಕು. ಹೆಂಡದ ನಿಶೆಯಲ್ಲಿ ಮಾತಾಡುವ ರತ್ನನನ್ನು ಕನ್ನಡಕ್ಕೆ ಕೊಟ್ಟ ಆ ಮೇಷ್ಟ್ರು ಸ್ವತಃ ಹೆಂಡ ಮುಟ್ಟಿದವರಲ್ಲ. ಮಕ್ಕಳಿಗೆ ನಾಯಿಮರಿಯ ಪದ್ಯ ಬರೆದವರೂ ಅವರೇ. ಮಗ ತೊದಲುವ ದಿನದಿಂದ ಹಿಡಿದು ಗ್ಲಾಸ್ ಎತ್ತಿ ಮತ್ತೆ ತೊದಲುವ ದಿನದವರೆಗಿನ ಇಡೀ ಪಠ್ಯಕ್ರಮವನ್ನು ಮದ್ಯ ಮುಟ್ಟದ ಒಬ್ಬ ಮನುಷ್ಯ ರಚಿಸಿರುವಾಗ, ಕೈಯಲ್ಲಿ ಮಜ್ಜಿಗೆ ಹಿಡಿದು ಕೂತ ನನಗೆ ಯಾವ ಸಂಕೋಚವೂ ಇಲ್ಲ.

ವಯಸ್ಸಿನ ಪ್ರಶ್ನೆಯಿಂದ ಶುರು ಮಾಡೋಣ. ಚಾಣಕ್ಯನ ಹೆಸರಿನಲ್ಲಿ ಓಡಾಡುವ ನೀತಿಯ ಪ್ರಕಾರ ಮಗನಿಗೆ 16 ಆದರೆ ಅವನನ್ನು ಗೆಳೆಯನ ಹಾಗೆ ಕಾಣಬೇಕು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ 18 ಆಗದವನಿಗೆ ಮದ್ಯ ಮಾರುವಂತಿಲ್ಲ. ಅದೇ ಕಾಯ್ದೆಯ ಕೆಳಗೆ 1967ರಲ್ಲಿ ಬಂದ ಸನ್ನದುಗಳ ಷರತ್ತಿನ ನಿಯಮ ಮಾತ್ರ 21 ಎನ್ನುತ್ತದೆ. 16ರಿಂದ 18ರವರೆಗೆ ಮಗ ಗೆಳೆಯ, ಆದರೆ ಗ್ಲಾಸಿಲ್ಲದ ಗೆಳೆಯ. 18ರಿಂದ 21ರವರೆಗೆ ಅವನ ಕಡೆ ಕಾಯ್ದೆ ಇದೆ, ನಿಯಮ ಇಲ್ಲ. 2023ರ ಜನವರಿಯಲ್ಲಿ ಸರ್ಕಾರ ಈ 21ನ್ನು 18ಕ್ಕೆ ಇಳಿಸುವ ಕರಡು ಹೊರಡಿಸಿತು. ಆಕ್ಷೇಪ ಬಂದ ಮೇಲೆ ಕೈಬಿಟ್ಟಿತು.

ರಿಚರ್ಡ್ಸ್ ಟೌನಿನ ಕನ್ನಡ ಮನೆಗಳಲ್ಲಿ ಚಾಲ್ತಿಯಲ್ಲಿರುವ ವಯಸ್ಸು ಈ ಯಾವುದೂ ಅಲ್ಲ. ಅಲ್ಲಿ ಮಗ ಅಪ್ಪನ ಎದುರು ಗ್ಲಾಸ್ ಎತ್ತಬೇಕಾದರೆ ಮೊದಲು ಮದುವೆಯಾಗಿರಬೇಕು, ಮನೆ ಸಾಲದ ಕಂತು ಕಟ್ಟುತ್ತಿರಬೇಕು, ಕಿವಿಯ ಮೇಲೆ ಅಪ್ಪನ ಕಣ್ಣಿಗೆ ಬೀಳುವಷ್ಟು ಬಿಳಿಕೂದಲು ಬಂದಿರಬೇಕು. ಇಷ್ಟೆಲ್ಲ ಒದಗುವ ಹೊತ್ತಿಗೆ ಮಗನಿಗೆ ಮೂವತ್ತೈದು ದಾಟಿರುತ್ತದೆ, ಅಪ್ಪನಿಗೆ ಡಾಕ್ಟರು ಬೇಡ ಎಂದಿರುತ್ತಾರೆ. ಮಗ ಕಾಲೇಜಿನಲ್ಲೇ ಶುರು ಹಚ್ಚಿಕೊಂಡದ್ದು ಅಪ್ಪನಿಗೆ ಗೊತ್ತು. ಅಪ್ಪನಿಗೆ ಗೊತ್ತಿರುವುದು ಮಗನಿಗೆ ಗೊತ್ತು. ಗೊತ್ತಿಲ್ಲದವರ ಹಾಗೆ ಇಬ್ಬರೂ ಕಳೆಯುವ ಈ ಹದಿನೈದಿಪ್ಪತ್ತು ವರ್ಷಗಳನ್ನು ನಮ್ಮ ಶಾಸ್ತ್ರದಲ್ಲಿ ಏಲಕ್ಕಿ ಯುಗ ಎನ್ನುತ್ತೇವೆ. ಮಗ ಗೇಟಿನ ಹತ್ತಿರ ನಿಂತು ಎರಡು ಏಲಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಒಳಗೆ ಅಪ್ಪ ಅದೇ ಹೊತ್ತಿಗೆ ಸರಿಯಾಗಿ ಪೇಪರ್ ಅಗಲಿಸಿ ಮುಖದ ಮುಂದೆ ಹಿಡಿಯುತ್ತಾರೆ. ರಾತ್ರಿ ಹನ್ನೊಂದಕ್ಕೆ ಬೆಳಗಿನ ಪೇಪರ್ ಓದುವ ತಂದೆಯಷ್ಟು ಮಗನನ್ನು ಅರ್ಥ ಮಾಡಿಕೊಂಡವರು ಇನ್ನೊಬ್ಬರಿಲ್ಲ.

ಶಾಸ್ತ್ರದಲ್ಲಿ ಇದಕ್ಕೆ ಆಧಾರವಿದೆಯೇ ಎಂದು ಕೆಲವರು ಕೇಳುತ್ತಾರೆ. ಬೇಕಾದಷ್ಟಿದೆ. ಕುಡಿತಕ್ಕೆ ಶಾಪ ಕೊಟ್ಟವನು ಮಹಾಭಾರತದ ಶುಕ್ರಾಚಾರ್ಯ. ಅಸುರರು ಕಚನನ್ನು ಸುಟ್ಟು ಬೂದಿಯನ್ನು ಮದ್ಯಕ್ಕೆ ಬೆರೆಸಿ ಗುರುವಿಗೇ ಕುಡಿಸಿದರು. ಶಿಷ್ಯ ಹೊಟ್ಟೆಯೊಳಗಿಂದ ಮಾತಾಡಿದ ಮೇಲೆ ಗುರುವಿಗೆ ಜ್ಞಾನೋದಯವಾಗಿ, ಬ್ರಾಹ್ಮಣನಾದವನು ಇನ್ನು ಮುಂದೆ ಇದನ್ನು ಮುಟ್ಟಬಾರದು ಎಂದ. ಮಗಳು ದೇವಯಾನಿ. ಅಳಿಯ ಯಯಾತಿ, ಮಗ ಪುರುವಿನ ಯೌವನವನ್ನೇ ಕೇಳಿ ಪಡೆದವನು. ಕಾರ್ನಾಡರು 1961ರಲ್ಲಿ ಈ ಕಥೆಯನ್ನು ನಾಟಕವಾಗಿ ಪ್ರಕಟಿಸಿದ್ದಾರೆ, ಅನುಮಾನವಿದ್ದವರು ಓದಿ ನೋಡಬಹುದು. ಪಾನನಿಷೇಧವೂ ಅಪ್ಪ-ಮಗನ ನಡುವಿನ ಅತಿ ದೊಡ್ಡ ರಗಳೆಯೂ ಒಂದೇ ಮನೆತನದಿಂದ ಬಂದಿರುವುದನ್ನು ಈವರೆಗೆ ಯಾರೂ ಗಮನಿಸಿಲ್ಲ. ಮಾವ ಬೇಡ ಎನ್ನದಿದ್ದರೆ ಯಯಾತಿ ಒಂದು ಸಂಜೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ವಯಸ್ಸಾಯ್ತು ಕಣೋ’ ಎಂದು ಹೇಳಿ ಮುಗಿಸಿಬಿಡುತ್ತಿದ್ದ.

ಕೌಟಿಲ್ಯ ಇನ್ನೂ ಉದಾರಿ. ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷ ಎಂಬ ಅಧಿಕಾರಿಗೇ ಒಂದು ಅಧ್ಯಾಯ ಮೀಸಲು. ಪಾನಗೃಹದಲ್ಲಿ ಹಲವು ಕೋಣೆ, ಆಸನ, ಹಾಸಿಗೆ, ಗಂಧ, ಹೂಮಾಲೆ, ಋತುವಿಗೆ ತಕ್ಕ ನೀರು ಇರಬೇಕು ಎಂದು ಬರೆದಿದ್ದಾನೆ. ಅಲ್ಲಿಗೆ ಮಗನನ್ನು ಕರೆದುಕೊಂಡು ಹೋಗಬಹುದೇ ಎಂದು ಬರೆದಿಲ್ಲ. ಆದರೆ 16ಕ್ಕೆ ಗೆಳೆಯ ಎಂದವನೂ ಇವನೇ ಎಂದು ಪರಂಪರೆ ನಂಬುವುದರಿಂದ, ಎರಡನ್ನೂ ಕೂಡಿಸಿಕೊಳ್ಳುವ ಲೆಕ್ಕ ಓದುಗರಿಗೆ ಬಿಟ್ಟದ್ದು.

ರಿಚರ್ಡ್ಸ್ ಟೌನನ್ನೇ ಏಕೆ ಆರಿಸಿದೆ ಎಂದು ಬಸವನಗುಡಿಯ ವಿದ್ವಾಂಸರಿಗೆ ಅಸಮಾಧಾನವಾಗಬಹುದು. ಬಸವನಗುಡಿಯಲ್ಲಿ ಅಪ್ಪ ಮಗ ಒಟ್ಟಿಗೆ ಕೂರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಅದನ್ನು ಕಾಫಿ ಎಂದು ಬರೆದುಕೊಳ್ಳುತ್ತಾರೆ, ಹಾಗಾಗಿ ದಾಖಲೆ ಸಿಗುವುದಿಲ್ಲ. ದಂಡಿನ ಕಥೆ ಬೇರೆ. ಬ್ರಿಟಿಷ್ ಪಡೆ ಶ್ರೀರಂಗಪಟ್ಟಣ ಬಿಟ್ಟು 1809ರಲ್ಲಿ ಹಲಸೂರಿನ ಕಡೆ ಬೀಡು ಬಿಟ್ಟಾಗ ಅದರ ಬೆನ್ನಿಗೇ ಪಡಿಯ ರಮ್ಮೂ ಬಂತು. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಬ್ರೂವರಿಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. ಫ್ರೇಜರ್ ಟೌನು, ಕುಕ್ ಟೌನು, ಕಾಕ್ಸ್ ಟೌನು, ಬೆನ್ಸನ್ ಟೌನು, ಸುತ್ತ ಎಲ್ಲಿ ನೋಡಿದರೂ ದೊರೆಗಳ ಹೆಸರು. 1947ರಲ್ಲಿ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಮೈಸೂರು ಸಂಸ್ಥಾನಕ್ಕೆ ಮರಳಿದಾಗ ದೊರೆಗಳು ಹೋದರು, ಮಂಕಿ ಟಾಪಿನ ಬಂಗಲೆಗಳೂ ಗ್ಲಾಸುಗಳೂ ಉಳಿದವು. ಬಂಗಲೆಗಳಲ್ಲಿ ಬಹುಪಾಲು ಈಗ ಅಪಾರ್ಟ್‌ಮೆಂಟಾಗಿವೆ. ಗ್ಲಾಸುಗಳು ಹಾಗೇ ಇವೆ.

ಈ ವಾತಾವರಣಕ್ಕೆ ಹಾಸನ, ಮಂಡ್ಯ, ತುಮಕೂರುಗಳಿಂದ ಬಂದು ಸೇರಿದವರು ನಮ್ಮ ಅಧ್ಯಯನದ ತಂದೆಯರು. ಐಟಿಐ, ಎಚ್‌ಎಎಲ್, ಬಿಇಎಲ್ ಕೆಲಸ, ಅಗ್ಗದ ಬಾಡಿಗೆ, ಆಮೇಲೆ ಹೇಗೋ ಒಂದು ಸ್ವಂತ ಮನೆ. ಪಕ್ಕದಲ್ಲಿ ಆಂಗ್ಲೋ ಇಂಡಿಯನ್ ಕುಟುಂಬ. ಅಲ್ಲಿ ನವೆಂಬರಿಗೇ ಕಪ್ಪು ದ್ರಾಕ್ಷಿ, ಸಕ್ಕರೆ, ಲವಂಗ ಭರಣಿಗೆ ಬಿದ್ದು ಬಾಯಿಗೆ ಬಟ್ಟೆ ಕಟ್ಟಿಸಿಕೊಂಡಿರುತ್ತವೆ. ಕ್ರಿಸ್‌ಮಸ್ ಬೆಳಗ್ಗೆ ಅಪ್ಪ ತನ್ನ ಕೈಯಾರೆ ಹತ್ತು ವರ್ಷದ ಮಗನಿಗೂ ಕೇಕಿನ ಜೊತೆ ಒಂದು ಗುಟುಕು ಕೊಡುತ್ತಾನೆ. ಎದುರುಮನೆಯಲ್ಲಿ ಎಂಇಜಿಯಿಂದ ನಿವೃತ್ತರಾದ ಸುಬೇದಾರರು. ಅವರಿಗೆ ತಿಂಗಳಿಗಿಷ್ಟು ಎಂದು ಕ್ಯಾಂಟೀನ್ ಕೋಟಾ. ಸುಬೇದಾರರು ಕೋಟಾ ತರುವ ದಿನ ಬೀದಿಯ ಕನ್ನಡ ತಂದೆಯರೆಲ್ಲ ಅವರ ಮೊಣಕಾಲು ನೋವು ವಿಚಾರಿಸಲು ಹೋಗುತ್ತಾರೆ. ಹೀಗೆ ಬಲದಲ್ಲಿ ಒಂದು ಪದ್ಧತಿ, ಎದುರಿಗೆ ಇನ್ನೊಂದು. ಇವೆರಡರ ಮಧ್ಯೆ, ಮಗನ ಎದುರು ಕೆಮ್ಮಿನ ಸಿರಪ್ಪನ್ನೂ ಗೋಡೆ ಕಡೆ ತಿರುಗಿ ಕುಡಿಯುವ ತಂದೆ. ಅಧ್ಯಯನಕ್ಕೆ ಇದಕ್ಕಿಂತ ಪ್ರಶಸ್ತ ಸ್ಥಳ ನನಗೆ ಕಾಣಲಿಲ್ಲ.

ಎಲ್ಲಿ ಕೂರಬೇಕು ಎಂಬುದನ್ನು ಅಬಕಾರಿ ಇಲಾಖೆಯ ಸನ್ನದಿನ ಸಂಖ್ಯೆಗಳ ಮೂಲಕವೇ ತಿಳಿಯುವುದು ಒಳ್ಳೆಯದು. ಸಿಎಲ್-2 ಎಂದರೆ ಎಂಆರ್‌ಪಿ ಅಂಗಡಿ. ಬಾಟಲಿ ತೆಗೆದುಕೊಂಡು ನಡೆಯಬೇಕು, ಅಲ್ಲೇ ನಿಂತು ಹಾಕುವಂತಿಲ್ಲ, ಆದ್ದರಿಂದ ಎಲ್ಲರೂ ಪಕ್ಕದ ಗೋಡೆಗೆ ಒರಗಿ ಹಾಕುತ್ತಾರೆ. ಇಲ್ಲಿ ಅಪ್ಪ ಮಗ ಪರಸ್ಪರ ಕಣ್ಣಿಗೆ ಬಿದ್ದರೆ ಅದನ್ನು ಬಾಂಧವ್ಯ ಎನ್ನುವಂತಿಲ್ಲ, ಅಪಘಾತ ಎನ್ನಬೇಕು. ಸಿಎಲ್-9 ಬಾರ್ ಅಂಡ್ ರೆಸ್ಟೋರೆಂಟ್. ಕತ್ತಲು ಚೆನ್ನಾಗಿರುತ್ತದೆ, ಮುಖ ನೋಡುವ ಕಷ್ಟವಿಲ್ಲ; ಆದರೆ ಅಪ್ಪನಿಗೆ ಮೆನು ಓದಲಾಗುವುದಿಲ್ಲ. ಸಿಎಲ್-4 ಕ್ಲಬ್ಬು. ಅಲ್ಲಿ ಅಪ್ಪನಿಗೆ ಸದಸ್ಯತ್ವ ಇರಬೇಕು, ಇಲ್ಲವೇ ಅಪ್ಪನ ಅಪ್ಪನಿಗೆ ಇದ್ದಿರಬೇಕು. ಕಾಕ್‌ಬರ್ನ್ ರಸ್ತೆಯಲ್ಲಿ 1933ರಿಂದ ನಡೆಯುತ್ತಿದ್ದ ಡೆವಾರ್ಸ್ ಬಾರು, ಬೆತ್ತದ ಕುರ್ಚಿ, ಎತ್ತರದ ಸೂರು, ಅವಸರವಿಲ್ಲದ ಸಪ್ಲೈಯರ್‌ಗಳಿಂದಾಗಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಅದು ಮುಚ್ಚಿ ವರ್ಷಗಳೇ ಆದವು. ಅದರ ಬದಲು ಬಂದಿರುವ ಜಾಗಗಳಲ್ಲಿ ಸಂಗೀತ ಎಷ್ಟು ಜೋರಾಗಿರುತ್ತದೆ ಎಂದರೆ ಅಪ್ಪ ಮಗ ಇಬ್ಬರೂ ಮಾತಾಡುವ ಹೊಣೆಯಿಂದ ಸಂಪೂರ್ಣ ಮುಕ್ತರು. ಅನೇಕರು ಇದನ್ನೇ ಮೆಚ್ಚಿಕೊಳ್ಳುತ್ತಾರೆ.

ನನ್ನ ಶಿಫಾರಸು ಮನೆಯ ಜಗಲಿ. ನಾನು ವಿವರವಾಗಿ ಗಮನಿಸಿದ ಪ್ರಕರಣವೂ ಅಲ್ಲಿಯದೇ. ತಂದೆ ಐಟಿಐ ನಿವೃತ್ತರು. 1948ರಲ್ಲಿ ದೂರವಾಣಿನಗರದಲ್ಲಿ ಶುರುವಾಗಿ ದೇಶಕ್ಕೆಲ್ಲ ಟೆಲಿಫೋನು, ಎಕ್ಸ್‌ಚೇಂಜು ಮಾಡಿಕೊಟ್ಟ ಕಾರ್ಖಾನೆಯಲ್ಲಿ ಬದುಕು ಸವೆಸಿದ ಮನುಷ್ಯ. ಮಗ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ. ಮಗ ಹಾಸ್ಟೆಲಿನಲ್ಲಿದ್ದಾಗಿಂದ ಇವತ್ತಿನವರೆಗೆ ಅಪ್ಪ ಫೋನಿನಲ್ಲಿ ಆಡಿರುವ ಮಾತು ಒಂದೇ: ‘ಹಲೋ, ಚೆನ್ನಾಗಿದೀಯಾ, ಇರು ಅಮ್ಮಂಗೆ ಕೊಡ್ತೀನಿ.’

ಬಾಟಲಿ ಗಾಡ್ರೆಜ್ ಬೀರುವಿನ ಮೇಲ್ತಟ್ಟೆಯಲ್ಲಿತ್ತು. ಖಾತಾ ಪತ್ರ, ಇಸಿ, ಎಲ್‌ಐಸಿ ಬಾಂಡುಗಳ ಫೈಲಿನ ಹಿಂದೆ, ಉಣ್ಣೆಯ ಮಫ್ಲರ್ ಸುತ್ತಿಕೊಂಡು. ಲೇಬಲ್ಲಿನ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಗೀಟು. ಅಪ್ಪ ಬಾಟಲಿಯನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು, ಗೀಟೂ ಮಟ್ಟವೂ ಒಂದೇ ಇದೆಯೆಂದು ಖಾತ್ರಿ ಮಾಡಿಕೊಂಡು, ಮಗನ ಕಡೆ ನೋಡದೆ ಸಮಾಧಾನಪಟ್ಟರು. ಲೋಟಗಳು ಹಾರ್ಲಿಕ್ಸ್ ಜೊತೆ ಯಾವತ್ತೋ ಉಚಿತವಾಗಿ ಬಂದ ಗಾಜಿನವು. ಮಗ ಅದರಲ್ಲೇ ಹಾಲು ಕುಡಿದು ಬೆಳೆದದ್ದು. ಅಳತೆ ಬಾಟಲಿಯ ಮುಚ್ಚಳದಲ್ಲಿ. ತಮಗೆ ಮೂರು ಮುಚ್ಚಳ, ಮಗನಿಗೆ ಎರಡು. ಬಾಟಲಿ ಮುಚ್ಚಲು ಹೋದವರು ನಿಲ್ಲಿಸಿ, ಸ್ವಲ್ಪ ಯೋಚಿಸಿ, ಮಗನ ಲೋಟಕ್ಕೆ ಇನ್ನರ್ಧ ಮುಚ್ಚಳ ಬಿಟ್ಟರು. ಬೆರಳಿಗೆ ಅಂಟಿದ್ದನ್ನು ಲುಂಗಿಗೆ ಒರೆಸಿಕೊಂಡರು.

‘ಸೋಡಾನಾ, ನೀರಾ?’

‘ಯಾವ್ದಾದ್ರೂ ಸರಿ ಅಪ್ಪ.’

‘ಯಾವ್ದಾದ್ರೂ ಅಂದ್ರೆ ಏನೋ? ಸೋಡಾ ಗ್ಯಾಸು. ನೀರೇ ಹಾಕ್ತೀನಿ.’

ಚಿಯರ್ಸ್ ಹೇಳುವ ಪದ್ಧತಿ ಈ ಮನೆಯಲ್ಲಿಲ್ಲ. ಮಗ ಲೋಟ ಅರ್ಧ ಎತ್ತಿದ. ಅಪ್ಪ ಅದನ್ನು ನೋಡಿ, ‘ಕೆಳಗಿಡು, ಹಪ್ಪಳ ಬರ್ಲಿ’ ಎಂದರು.

ಹಪ್ಪಳ ಬಂತು. ಅದರ ಹಿಂದೆಯೇ ಹುರಿಗಡಲೆ, ಕೋಡುಬಳೆ, ಮಗ ಬರುತ್ತಾನೆಂದು ಮಾಸ್ಕ್ ರಸ್ತೆಯ ಆಲ್ಬರ್ಟ್ ಬೇಕರಿಯಿಂದ ಸಂಜೆಯೇ ತರಿಸಿಟ್ಟಿದ್ದ ಖೀಮಾ ಸಮೋಸ. 1902ರಿಂದ ನಡೆಯುತ್ತಿರುವ ಆ ಬೇಕರಿಯ ಸಮೋಸದ ಮುಂದೆ ಒಂದು ಕ್ಷಣ ಮೂವರೂ ಶಾಸ್ತ್ರ ಮರೆತೆವು.

‘ಕಾರ್ ಸರ್ವೀಸ್ ಮಾಡ್ಸಿದ್ಯಾ?’

‘ಮಾಡಿಸ್ದೆ.’

‘ಎಷ್ಟಾಯ್ತು?’

‘ಒಂಬತ್ತು ಸಾವಿರ.’ (ಅವನು ಹನ್ನೆರಡು ಕೊಟ್ಟಿದ್ದ.)

‘ಮೋಸ.’

ಸಾಮಾನ್ಯ ಓದುಗ ಇದನ್ನು ಕಾರಿನ ಕುರಿತ ಮಾತುಕತೆ ಎಂದುಕೊಳ್ಳುತ್ತಾನೆ. ತಜ್ಞರಿಗೆ ಹಾಗೆ ಕಾಣುವುದಿಲ್ಲ. ಮಗ ಅಪ್ಪನಿಗೆ ನೋವಾಗದಿರಲೆಂದು ಮೂರು ಸಾವಿರ ಇಳಿಸಿದ್ದಾನೆ. ಅಪ್ಪ ಅದು ಹನ್ನೆರಡೇ ಇರಬೇಕೆಂದು ಊಹಿಸಿ, ಮೋಸದ ಹೊಣೆಯನ್ನು ಮಗನ ಮೇಲೆ ಹಾಕದೆ ಗ್ಯಾರೇಜಿನವರ ಮೇಲೆ ಹಾಕಿದ್ದಾರೆ. ಇದಕ್ಕಿಂತ ಆಳವಾದ ಭಾವವಿನಿಮಯವನ್ನು ನಾನು ಈ ಕ್ಷೇತ್ರದಲ್ಲಿ ಕಂಡಿಲ್ಲ.

ಮಾತು ಮುಂದುವರಿಯಿತು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವಲ್ಲ, ನಮ್ಮನೆ ಈಗ ಯಾವುದಕ್ಕೆ ಸೇರಿತು ಎಂದು ಅಪ್ಪ ಕೇಳಿದರು. ವೆಬ್‌ಸೈಟಿನಲ್ಲಿ ನೋಡುತ್ತೇನೆ ಎಂದು ಮಗ. ‘ನೋಡು’ ಎಂದು ಅಪ್ಪ. ಇ-ಖಾತಾದಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದೆ ಎಂದು ಅಪ್ಪ. ಅದನ್ನೂ ನೋಡುತ್ತೇನೆ ಎಂದು ಮಗ. ಆಮೇಲೆ ಎಂಥದೂ ಇಲ್ಲ. ಬೆಂಗಳೂರು ಪೂರ್ವ ಸ್ಟೇಷನ್ನಿನ ಕಡೆಯಿಂದ ಗೂಡ್ಸ್ ಗಾಡಿ ಹೋಗುವ ಸದ್ದನ್ನು ಇಬ್ಬರೂ ಕೊನೆಯ ಡಬ್ಬಿಯವರೆಗೂ ಕೇಳಿದರು.

‘ಆ ಹುಡುಗ ಏನಾದ? ನಿನ್ ಜೊತೆ ಸ್ಕೂಲಲ್ಲಿದ್ನಲ್ಲ, ಕನ್ನಡಕದವನು.’

‘ಕೆನಡಾದಲ್ಲಿದಾನೆ.’

‘ಅವರಪ್ಪ?’

‘ಹೋದ್ರು ಅಪ್ಪ. ಹೋದ್ವರ್ಷ.’

‘ಹೂಂ.’

ಅಪ್ಪ ಬಾಟಲಿ ಬಿಚ್ಚಿ ಮಗನ ಲೋಟಕ್ಕೆ ಇನ್ನೊಂದು ಮುಚ್ಚಳ ಹಾಕಿದರು. ಈ ಸಲ ಅಳೆಯಲಿಲ್ಲ, ಮುಚ್ಚಳ ತುಂಬಿ ಚೆಲ್ಲಿತು. ನಾನು ನನ್ನ ಟಿಪ್ಪಣಿಯಲ್ಲಿ ‘ಅಳತೆಯಲ್ಲಿ ದೋಷ’ ಎಂದು ಬರೆದುಕೊಂಡೆ.

ಆಗಲೇ ಅಡುಗೆಮನೆಯಿಂದ ದನಿ ಬಂದದ್ದು: ‘ಇನ್ನೊಂದು ಹಾಕ್ಕೋಬೇಡಿ ಅಂತ ಹೇಳೋ ನಿಮ್ಮಪ್ಪಂಗೆ!’ ಅಪ್ಪ ಹತ್ತಡಿ ದೂರದಲ್ಲಿದ್ದರು, ಕಿವಿ ಚೆನ್ನಾಗಿ ಕೇಳುತ್ತದೆ. ‘ಬೀಪಿ ಮಾತ್ರೆ ತಗೊಂಡಾಯ್ತು ಅಂತ ಹೇಳು ನಿಮ್ಮಮ್ಮಂಗೆ’ ಎಂದು ಮಗನಿಗೆ ಹೇಳಿದರು. ಮಗ ಎರಡನ್ನೂ ಹೇಳಲಿಲ್ಲ, ಎರಡೂ ತಲುಪಿದ್ದವು.

ಇಲ್ಲಿ ಒಂದು ಪೂರಕ ಮಾಹಿತಿ ಕೊಡಬೇಕು. ಈ ಮನೆಯಲ್ಲಿ ಮೂವತ್ತೈದು ವರ್ಷದಿಂದ ಎಕ್ಸ್‌ಚೇಂಜ್ ಇದ್ದದ್ದು ಅಡುಗೆಮನೆಯಲ್ಲೇ. ಮಗನ ಫೀಸು, ಮಾರ್ಕ್ಸ್ ಕಾರ್ಡು, ಜ್ವರ, ಬೈಕಿನ ಆಸೆ, ಮೊದಲ ಕೆಲಸ, ಅವನು ಮೆಚ್ಚಿದ ಹುಡುಗಿ ಯಾವ ಜಾತಿ, ಎಲ್ಲ ಕರೆಗಳೂ ಅಲ್ಲಿಗೆ ಬಂದು ಅಲ್ಲಿಂದಲೇ ಮುಂದಕ್ಕೆ ಹೋದದ್ದು. ಅಪ್ಪನ ‘ಆಗಲ್ಲ’ ಎಂಬುದು ಅಡುಗೆಮನೆ ದಾಟಿ ಮಗನಿಗೆ ಮುಟ್ಟುವಾಗ ‘ಸ್ವಲ್ಪ ದಿನ ತಡಿ ಅಂದ್ರು’ ಆಗುತ್ತಿತ್ತು. ಮಗನ ‘ಅವ್ರಿಗೇನ್ ಗೊತ್ತಾಗತ್ತೆ’ ಎಂಬುದು ಅಪ್ಪನನ್ನು ಮುಟ್ಟುವಾಗ ‘ನಿಮ್ಮನ್ನೇ ಕೇಳ್ತೀನಿ ಅಂದ’ ಆಗುತ್ತಿತ್ತು. ಈ ತಾಯಿಗೆ ಜಗಲಿಯಲ್ಲಿ ಕುರ್ಚಿ ಹಾಕಿರಲಿಲ್ಲ. ಹಪ್ಪಳ ಕರಿಯುವವರು ಬೇಕಲ್ಲ ಎಂಬುದು ನಮ್ಮ ಶಾಸ್ತ್ರದ ಅಭಿಪ್ರಾಯ. ಅವರೇ ಒಮ್ಮೆ ಬಾಗಿಲಿಗೆ ಬಂದು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ‘ಏನ್ ಮಾತಾಡ್ಕೊಂಡ್ರಿ ಇಬ್ರೂ?’ ಎಂದು ಕೇಳಿದರು. ‘ಏನಿಲ್ಲ’ ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಅಪ್ಪ ಮಗ ಅಂದು ಸಂಪೂರ್ಣವಾಗಿ ಒಮ್ಮತಕ್ಕೆ ಬಂದ ವಿಷಯ ಅದೊಂದೇ.

ಆದ್ದರಿಂದ ಬಾಂಧವ್ಯದಲ್ಲಿ ಮದ್ಯದ ಪಾತ್ರವೇನು ಎಂಬುದಕ್ಕೆ ಇನ್ನಷ್ಟು ಪುರಾವೆ ಬೇಕಾಗಿದೆ. ನನ್ನ ಮಜ್ಜಿಗೆಯಿಂದಲೂ ಹೆಚ್ಚುಕಡಿಮೆ ಅಷ್ಟೇ ಫಲಿತಾಂಶ ಬಂತು.

ವಿಸ್ಕಿಯಿಂದ ಅಪ್ಪ ಮಗನ ನಡುವೆ ನಿಜಕ್ಕೂ ಏನಾದರೂ ಸಾಧನೆಯಾದ ಉದಾಹರಣೆ ಬೆಂಗಳೂರಿನಲ್ಲಿ ಇಲ್ಲವೇ ಇಲ್ಲ ಎನ್ನಲಾಗದು. ಅಮೃತ್ ಡಿಸ್ಟಿಲರೀಸ್ 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಕಟ್ಟಿದ್ದು. ಅವರ ಮಗ ನೀಲಕಂಠ ರಾವ್, ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಓದುತ್ತಿದ್ದ ತಮ್ಮ ಮಗ ರಕ್ಷಿತ್‌ಗೆ, ನಮ್ಮ ಸಿಂಗಲ್ ಮಾಲ್ಟನ್ನು ಬ್ರಿಟನ್ನಿನಲ್ಲಿ ಮಾರಬಹುದೇ ನೋಡು ಎಂದರು. ಮಗ ಅದನ್ನೇ ಅಧ್ಯಯನದ ವಿಷಯ ಮಾಡಿಕೊಂಡ. 2004ರಲ್ಲಿ ವಿಸ್ಕಿ ಗ್ಲಾಸ್ಗೋದಲ್ಲೇ ಬಿಡುಗಡೆಯಾಯಿತು, ಸ್ಕಾಚಿನವರ ಅಂಗಳದಲ್ಲೇ. 2010ರ ಹೊತ್ತಿಗೆ ಜಿಮ್ ಮರ್ರೆ ತಮ್ಮ ವಿಸ್ಕಿ ಬೈಬಲ್ಲಿನಲ್ಲಿ ಅಮೃತ್ ಫ್ಯೂಷನ್ನನ್ನು ಲೋಕದ ಮೂರನೆಯ ಅತ್ಯುತ್ತಮ ವಿಸ್ಕಿ ಎಂದರು. ಇಲ್ಲಿ ಗಮನಿಸಬೇಕಾದ್ದು, ಅಪ್ಪ ಮಗನನ್ನು ಕುಡಿ ಎನ್ನಲಿಲ್ಲ, ಬರಿ ಎಂದರು. ಉಳಿದ ತಂದೆಯರೂ ವಾರಕ್ಕೊಂದು ವರದಿ ಕೇಳಿ ನೋಡಬಹುದು.

ಇನ್ನು ಬಿಲ್ಲು. ಜಗಲಿ ಬಿಟ್ಟು ಸಿಎಲ್-9ಕ್ಕೆ ಹೋದವರಿಗೆ ಇದೇ ಅಗ್ನಿಪರೀಕ್ಷೆ. ಅಪ್ಪ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದುತ್ತಾರೆ. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ, ಮಸಾಲೆ ಕಡಲೇಬೀಜ ಒಳಗಿದೆ ಎಂಬುದು ಅವರಿಗೆ ಆಗಲೇ ತಿಳಿಯುವುದು; ಬಾಂಧವ್ಯ ಅಲ್ಲಿಗೆ ಕಡಲೇಬೀಜದ ವಿಚಾರಣೆಯಾಗಿ ಪರಿವರ್ತನೆಗೊಳ್ಳುತ್ತದೆ. ಹಣ ಯಾರು ಕೊಡಬೇಕು? ಈ ಪ್ರಶ್ನೆಯನ್ನು ಒಂಬೈನೂರು ವರ್ಷದ ಹಿಂದೆ ಬಗೆಹರಿಸಿದವನು ನಮ್ಮವನೇ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಅಪ್ಪನ ಸಾಲವನ್ನು ಮಗ ತೀರಿಸಬೇಕು, ಆದರೆ ಅಪ್ಪ ಸುರೆಗೆ, ಜೂಜಿಗೆ, ಕಾಮಕ್ಕೆ ಮಾಡಿದ ಸಾಲ ಮಗನಿಗೆ ಅಂಟುವುದಿಲ್ಲ ಎಂಬುದು ಆ ಸ್ಮೃತಿಯ ನಿಲುವು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಮಾಡಿದ ಸಾಲಕ್ಕಂತೂ, ಮಗ ಎಂಬ ಧರ್ಮದ ಕಾರಣಕ್ಕೆ ಯಾರೂ ಹೊಣೆಯಲ್ಲ. ಆದ್ದರಿಂದ ಸಪ್ಲೈಯರ್ ಬಿಲ್ಲು ತಂದಾಗ ಮಗನಾದವನು ವಿಜ್ಞಾನೇಶ್ವರನನ್ನು ಉಲ್ಲೇಖಿಸಿ ಸುಮ್ಮನೆ ಕೂರಬಹುದು. ಆದರೆ ಅಪ್ಪ ಅಷ್ಟರಲ್ಲಿ ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗಿನ ರಬ್ಬರ್ ಬ್ಯಾಂಡ್ ಬಿಚ್ಚಿ, ಐನೂರರ ನೋಟು ಎಣಿಸತೊಡಗಿರುತ್ತಾರೆ. ಮಗ ಯುಪಿಐ ಮಾಡಿ ಮುಗಿಸಿದ ಮೇಲೂ ಎಣಿಸುತ್ತಲೇ ಇರುತ್ತಾರೆ.

ಕೊಡದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ದಂಡಿನಲ್ಲೇ ದಾಖಲೆ ಇದೆ. ಬೆಂಗಳೂರು ಕ್ಲಬ್ಬಿನ 1899ರ ಪುಸ್ತಕದಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರಿನ ಮುಂದೆ ವಸೂಲಾಗದ 13 ರೂಪಾಯಿ ಇವತ್ತಿಗೂ ಕೂತಿದೆ. ಅವನ ಅಪ್ಪ 1895ರಲ್ಲೇ ತೀರಿಕೊಂಡಿದ್ದರು. ರಿಚರ್ಡ್ಸ್ ಟೌನಿನ ಯಾವ ತಂದೆಯನ್ನು ಕೇಳಿದರೂ, ಅಪ್ಪ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುತ್ತಾರೆ.

ಸರ್ಕಾರಕ್ಕೂ ಈ ಬಾಂಧವ್ಯದ ಮೇಲೆ ಪ್ರೀತಿ ಕಡಿಮೆಯೇನಿಲ್ಲ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಬರಬೇಕೆಂದಿಟ್ಟ ಗುರಿ 40,000 ಕೋಟಿ ರೂಪಾಯಿ. ಮಗ ಮುನಿಸಿಕೊಂಡು ಒಂದು ಶನಿವಾರ ಮನೆಗೆ ಬರದಿದ್ದರೆ ಅದರ ಪರಿಣಾಮ ಎಲ್ಲೆಲ್ಲಿಗೆ ಮುಟ್ಟೀತು ಎಂದು ಯೋಚಿಸಬೇಕು. ಆದರೆ ಇಲ್ಲಿ ಒಂದು ಗೊಂದಲ ನಿವಾರಿಸುವುದು ನನ್ನ ಕರ್ತವ್ಯ. ಪಾರ್ಕಿನ ಈಚೆ ಬದಿ ಅಪ್ಪ ಮಗ ಸಿಂಗಲ್ ಮಾಲ್ಟ್ ಹಂಚಿಕೊಂಡರೆ ಅದು ಬಾಂಧವ್ಯ. ಎರಡು ರಸ್ತೆ ದಾಟಿ, ದಿನವಿಡೀ ಸೆಂಟ್ರಿಂಗ್ ಕೆಲಸ ಮಾಡಿ ಬಂದ ಅಪ್ಪ ಮಗ ಒಂದು 90ರ ಟೆಟ್ರಾ ಪ್ಯಾಕಿನ ಮೂಲೆ ಹಲ್ಲಲ್ಲಿ ಹರಿದು ಹಂಚಿಕೊಂಡರೆ ಅದು ಸಂಸಾರ ಹಾಳು. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿತು. ಅದಾಗಿ ನಾಲ್ಕಾರು ವರ್ಷದಲ್ಲೇ ಮೈಕ್ರೋಬ್ರೂವರಿಗಳು ಬಾಗಿಲು ತೆರೆದವು. ಹೆಂಗಸರು ಬೀದಿಗಿಳಿದು ಗಲಾಟೆ ಮಾಡಿದ್ದು ಮೊದಲನೆಯದಕ್ಕೆ, ಗಂಡ ಮಗನ ಜೊತೆ ಸೆಲ್ಫಿ ತೆಗೆಸಿಕೊಂಡದ್ದು ಎರಡನೆಯದರಲ್ಲಿ. ಅದೇ ಅಪ್ಪ, ಅದೇ ಮಗ, ಅದೇ ಹೂಂ. ಹಾಗಾದರೆ ವ್ಯತ್ಯಾಸ ಎಲ್ಲಿದೆ ಎಂದು ಬಹಳ ಹುಡುಕಿದೆ. ಬಾಟಲಿಯ ಮೇಲೆ ಎಂಆರ್‌ಪಿ ಎಂದು ಅಚ್ಚಾಗಿರುವ ಜಾಗದಲ್ಲಿ ಸಿಕ್ಕಿತು.

ಬದುಕಿದ್ದಾಗ ಇದೆಲ್ಲ ಕೈಗೂಡದವರು ಹತಾಶರಾಗಬೇಕಾಗಿಲ್ಲ. ಕೊಡವರಲ್ಲಿ ಕಾರಣವರಿಗೆ, ಎಂದರೆ ತೀರಿಹೋದ ಹಿರಿಯರಿಗೆ, ಮಾಂಸ ಮದ್ಯ ಇಡುವ ಕಟ್ಟಳೆ ಇದೆ. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಪಿತೃಪಕ್ಷದಲ್ಲಿ ಎಡೆ ಇಡುವಾಗ ಬಾಳೆಲೆಯ ಮೇಲೆ ಮುದ್ದೆ, ಸಾರು, ವಡೆ, ಅಪ್ಪ ಸೇದುತ್ತಿದ್ದ ಬೀಡಿಯ ಕಟ್ಟು, ಪಕ್ಕದಲ್ಲಿ ಒಂದು ಕ್ವಾರ್ಟರ್. ಬ್ರ್ಯಾಂಡ್ ಯಾವುದೆಂದು ಮಗನಿಗೆ ಗೊತ್ತಿರುತ್ತದೆ; ಚಿಕ್ಕವನಿದ್ದಾಗ ಚೀಲದಲ್ಲಿ ಸುತ್ತಿ ತಂದುಕೊಟ್ಟವನು ಅವನೇ. ಮುಚ್ಚಳದ ಸೀಲು ಒಡೆದು ಇಡಬೇಕು, ಇಲ್ಲದಿದ್ದರೆ ಅವರಿಗೆ ಕಷ್ಟವಾಗುತ್ತದೆ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಕಾಯುತ್ತಾರೆ. ಮತ್ತೆ ಒಳಗೆ ಹೋದಾಗ ಬಾಟಲಿಯಲ್ಲಿ ಇದ್ದಷ್ಟೇ ಇರುತ್ತದೆ. ಅದನ್ನು ಮಗ ಪ್ರಸಾದವೆಂದು ತೆಗೆದುಕೊಳ್ಳುತ್ತಾನೆ. ಅಪ್ಪನ ಎದುರು ಕೂತು ಒಂದು ಹಾಕುವ ಅವಕಾಶ ಎಷ್ಟೋ ಗಂಡುಮಕ್ಕಳಿಗೆ ಮೊದಲ ಸಲ ಸಿಗುವುದು ಹೀಗೆ, ಫೋಟೋ ಮುಂದೆ. ಸೋಡಾನಾ ನೀರಾ ಎಂಬ ಚರ್ಚೆಯೂ ಇರುವುದಿಲ್ಲ.

ಇದರಲ್ಲೂ ಒಂದು ತಾಂತ್ರಿಕ ತೊಂದರೆ ಇದೆ. 2024ರಲ್ಲಿ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 2ಕ್ಕೆ ಬಿತ್ತು. ಅಂದು ರಾಷ್ಟ್ರಪಿತನ ಜಯಂತಿ. ರಾಜ್ಯದಲ್ಲೆಲ್ಲ ಡ್ರೈ ಡೇ. ಹಿಂದಿನ ಸಂಜೆ ನೆನಪಾಗದವರ ಅಪ್ಪಂದಿರು ಬರೀ ಮುದ್ದೆ ಸಾರಿನಲ್ಲಿ ಸುಧಾರಿಸಿಕೊಳ್ಳಬೇಕಾಯಿತು. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ: ಅಪ್ಪ ಇಲ್ಲದವರು ಪಂಚಾಂಗವನ್ನೂ ಅಬಕಾರಿ ಇಲಾಖೆಯ ಡ್ರೈ ಡೇ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನೋಡಿ. ಅಪ್ಪ ಇರುವವರಿಗೆ ಡ್ರೈ ಡೇ ಪಟ್ಟಿಯೊಂದೇ ಸಾಕು.